ಸಂಪ್ರದಾಯ ಏನು ಅಂತ ಹೇಳುವ ಹಕ್ಕು ಯಾರದು?

(ಕಾಲೇಜು ವಿದ್ಯಾರ್ಥಿಗಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಯೊಂದಕ್ಕೆ ಕೊಟ್ಟ ಉತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋಟ್ಸ್ವಾನಾ ದೇಶದ ಒಂದು ಗಾದೆಯಿಂದ ಶುರು ಮಾಡುತ್ತೇನೆ. ಹೆಣ್ಣು ದನ ಮುಂದೆ ನಡೆದರೆ ಇಡೀ ಮಂದೆ ಕೊರಕಲಿಗೆ ಬೀಳುತ್ತದೆ ಅನ್ನುವುದು ಆ ಗಾದೆ. ತ್ಸ್ವಾನಾ ಜನ ದನ ಕಟ್ಟಿಕೊಂಡು ಬದುಕಿದವರು. ಆಸ್ತಿ ಅಂದರೆ ದನ, ಮದುವೆಯ ತೆರ ಅಂದರೆ ದನ. ಹಾಗಾಗಿ ಗಾದೆಯಲ್ಲೂ ದನ. ಹೆಂಗಸೊಬ್ಬಳು ಮುಂದಾಳಾಗಿ ನಿಲ್ಲುತ್ತೇನೆ ಅಂದರೆ ಈ ಮಾತು ತಾನಾಗಿ ಹೊರಗೆ ಬರುತ್ತದೆ.

ಅದೇ ಜನರ ಬಾಯಲ್ಲಿ ಇನ್ನೊಂದು ಗಾದೆಯೂ ಇದೆ. ಮಗುವಿನ ತಾಯಿ ಚಾಕುವನ್ನು ಅಲಗಿನ ಕಡೆಯಿಂದಲೇ ಹಿಡಿಯುತ್ತಾಳೆ ಅಂತ. ಅಪಾಯ ಬಂದಾಗ ಎಲ್ಲರಿಗಿಂತ ಮೊದಲು ಮುಂದೆ ನುಗ್ಗುವವಳು ಅವಳೇ.

ಎರಡೂ ಹಳೆಯ ಮಾತುಗಳೇ. ಎರಡನ್ನೂ ಅಜ್ಜಂದಿರೇ ಹೇಳಿಕೊಟ್ಟಿದ್ದು. ಆದರೆ ಹುದ್ದೆಯ ಪ್ರಶ್ನೆ ಬಂದಾಗ ಸಂಪ್ರದಾಯ ಅಂತ ಎತ್ತಿ ತೋರಿಸುವುದು ಮೊದಲನೆಯದನ್ನು ಮಾತ್ರ. ಇವೆರಡರಲ್ಲಿ ಯಾವುದನ್ನು ಎತ್ತಬೇಕು ಅಂತ ತೀರ್ಮಾನ ಮಾಡುವವರು ಯಾರು? ಆ ತೀರ್ಮಾನ ಎಲ್ಲಿ ಕೂತು ಆಗುತ್ತದೆ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಫ್ರಿಕಾ ಒಂದು ದೇಶವಲ್ಲ, 54 ದೇಶ. ಸಾವಿರಕ್ಕೂ ಜಾಸ್ತಿ ಭಾಷೆ. ತಂದೆಯ ಕಡೆಯಿಂದ ವಂಶ ಎಣಿಸುವವರಿದ್ದಾರೆ, ತಾಯಿಯ ಕಡೆಯಿಂದ ಎಣಿಸುವವರೂ ಇದ್ದಾರೆ. ಆಫ್ರಿಕಾದ ಸಂಸ್ಕೃತಿ ಅಂತ ಒಂದೇ ಮಾತಿನಲ್ಲಿ ಹೇಳುವುದು ಸರಿಯಲ್ಲ. ಅದಕ್ಕೇ ಕೆಲವು ಜಾಗ, ಕೆಲವು ಹೆಂಗಸರು, ಅಷ್ಟನ್ನೇ ಹಿಡಿದು ಮಾತಾಡುತ್ತೇನೆ.

ಬೋಟ್ಸ್ವಾನಾದ ಪ್ರತಿ ಊರಿನಲ್ಲೂ ಖೋಟ್ಲಾ ಅಂತ ಒಂದು ಜಾಗ ಇರುತ್ತದೆ. ಮರದ ಕಂಬಗಳನ್ನು ಅರ್ಧಚಂದ್ರದ ಹಾಗೆ ನೆಟ್ಟು ಮಾಡಿದ ಬಯಲು ಸಭೆ. ಊರಿನ ಜಗಳ, ಜಮೀನಿನ ತಕರಾರು, ಸರ್ಕಾರದ ಹೊಸ ಯೋಜನೆ, ಎಲ್ಲದರ ಮಾತೂ ಅಲ್ಲೇ. ಮಂತ್ರಿಗಳು ಬಂದರೂ ಅಲ್ಲೇ ನಿಂತು ಜನರಿಗೆ ಉತ್ತರ ಕೊಡಬೇಕು. ಯಾರು ಬೇಕಾದರೂ ಎದ್ದು ಮಾತಾಡಬಹುದು ಅನ್ನುವುದು ಖೋಟ್ಲಾದ ಹೆಮ್ಮೆ. ಆದರೆ ಬಹಳ ಕಾಲ ಆ 'ಯಾರು ಬೇಕಾದರೂ' ಅನ್ನುವುದರಲ್ಲಿ ಹೆಂಗಸರು ಇರಲಿಲ್ಲ. ಹೆಂಗಸಿಗೆ ಏನಾದರೂ ತಕರಾರಿದ್ದರೆ ಅವಳ ಪರವಾಗಿ ಅಪ್ಪನೋ ಅಣ್ಣನೋ ಗಂಡನೋ ಮಾತಾಡಬೇಕಿತ್ತು. ಗಂಡಸರು ಕುರ್ಚಿಯಲ್ಲಿ, ಹೆಂಗಸರು ನೆಲದ ಮೇಲೆ. ಪ್ಯಾಂಟ್ ಹಾಕಿಕೊಂಡು ಹೋದ ಹೆಂಗಸನ್ನು ವಾಪಸ್ ಕಳಿಸುವುದನ್ನು ಈಗಲೂ ಹಲವು ಕಡೆ ನೋಡಬಹುದು.

ಇಂಥ ಜಾಗಕ್ಕೆ ಮೊಸಾದಿ ಸೆಬೊಕೊ ಬಂದರು. ರಮೋಟ್ಸ್ವಾ ಊರಿನ ಬಲೆತೆ ಜನರ ಒಡೆಯನ ಹಿರಿಯ ಮಗಳು. ತಂದೆ ತೀರಿಕೊಂಡಾಗ ಅವರಿನ್ನೂ ಹುಡುಗಿ. ಪಟ್ಟ ಮುಂದೆ ತಮ್ಮನಿಗೆ ಹೋಯಿತು. ಅದನ್ನು ಯಾರೂ ಪ್ರಶ್ನೆ ಮಾಡಲಿಲ್ಲ. 2001ರಲ್ಲಿ ತಮ್ಮ ತೀರಿಕೊಂಡ. ಮನೆತನದಲ್ಲಿ ಮುಂದಿನ ಗಂಡು ಯಾರು ಅಂತ ಹುಡುಕಾಟ ಶುರುವಾಯಿತು. ಆಗ ಮೊಸಾದಿ, ಹಿರಿಯ ಮಗಳು ನಾನಿದ್ದೇನೆ, ನನ್ನನ್ನು ಬಿಟ್ಟು ಯಾಕೆ ಹುಡುಕುತ್ತೀರಿ ಅಂತ ಕೇಳಿದರು. ಬ್ಯಾಂಕಿನಲ್ಲಿ ವರ್ಷಗಟ್ಟಲೆ ದುಡಿದವರು. ಗಂಡನಿಂದ ಬೇರೆಯಾಗಿ ಮಕ್ಕಳನ್ನು ಬೆಳೆಸಿದವರು. ಮನೆತನದಲ್ಲಿ ಒಪ್ಪದವರಿದ್ದರು. ಆದರೂ 2002ರಲ್ಲಿ ಅವರನ್ನೇ ಆರಿಸಿದರು, ಮಾರನೆಯ ವರ್ಷ ಪಟ್ಟ ಕಟ್ಟಿದರು. ಆ ದೇಶದಲ್ಲಿ ಒಂದು ಇಡೀ ಬುಡಕಟ್ಟಿಗೆ ತನ್ನದೇ ಹಕ್ಕಿನಿಂದ ಒಡತಿಯಾದ ಮೊದಲ ಹೆಂಗಸು ಅವರು.

ಅವರು ಮಾಡಿದ ಒಂದು ಕೆಲಸ ಹೇಳಲೇಬೇಕು. 1925ರಲ್ಲಿ ಬಲೆತೆ ಜನ ತಮ್ಮ ತಮ್ಮಲ್ಲೇ ವಂತಿಗೆ ಎತ್ತಿ ಒಂದು ದೊಡ್ಡ ಫಾರ್ಮ್ ಕೊಂಡಿದ್ದರು. ಸ್ವಂತ ಜನರೇ ದುಡ್ಡು ಹಾಕಿ ಕೊಂಡ ನೆಲ. ಮುಂದೆ ಸರ್ಕಾರ, ಇದು ಭೂಮಂಡಳಿಗೆ ಸೇರಬೇಕು ಅಂತ ಹೊರಟಿತು. ಮೊಸಾದಿ ಕೋರ್ಟಿಗೆ ಹೋದರು. ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಮೇಲ್ಮನವಿ ಹಾಕಿತು. 2022ರಲ್ಲಿ ಅಲ್ಲೂ ಗೆದ್ದರು. ನೆಲ ಬಲೆತೆ ಜನರ ಹತ್ತಿರವೇ ಉಳಿಯಿತು.

ಈಗ ಹಿಂದಕ್ಕೆ ಹೋಗೋಣ. ಹೆಂಗಸರು ದೂರ ಇರಬೇಕು ಅನ್ನುವುದು ಮೊದಲಿನಿಂದಲೂ ಎಲ್ಲ ಕಡೆ ಹೀಗೇ ಇತ್ತಾ? ಇರಲಿಲ್ಲ ಅನ್ನುವುದಕ್ಕೆ ನೈಜೀರಿಯಾದ ಇಗ್ಬೋ ಹೆಂಗಸರು ಸಾಕ್ಷಿ.

1929ರ ನವೆಂಬರ್ ತಿಂಗಳು. ಒಲೊಕೊ ಅಂತ ಒಂದು ಊರು. ನ್ವಾನ್ಯೆರುವಾ ಎಂಬ ಹೆಂಗಸು ಮನೆಯಂಗಳದಲ್ಲಿ ತಾಳೆಹಣ್ಣಿನ ಎಣ್ಣೆ ತೆಗೆಯುತ್ತಿದ್ದಳು. ಬ್ರಿಟಿಷರು ನೇಮಿಸಿದ ಮುಖ್ಯಸ್ಥನ ಕಡೆಯಿಂದ ಒಬ್ಬ ಬಂದ. ನಿನ್ನ ಹತ್ತಿರ ಆಡೆಷ್ಟು, ಕುರಿಯೆಷ್ಟು, ಮನೆಯಲ್ಲಿ ಜನ ಎಷ್ಟು ಅಂತ ಕೇಳಿದ. ಸುಮ್ನೆ ಲೆಕ್ಕ ಕೇಳುತ್ತಿದ್ದಾನೆ ಅಂತ ಅವಳು ನಂಬಲಿಲ್ಲ. ಮೊದಲು ಗಂಡಸರ ಲೆಕ್ಕ ಹಾಕಿ ಆಮೇಲೆ ಅವರ ಮೇಲೆ ತೆರಿಗೆ ಹೇರಿದ್ದನ್ನು ಊರೆಲ್ಲ ನೋಡಿತ್ತು. "ನಿನ್ನ ಅಮ್ಮನನ್ನು ಲೆಕ್ಕ ಹಾಕಿದ್ಯಾ?" ಅಂತ ತಿರುಗಿ ಕೇಳಿದಳು. ಮಾತು ಬೆಳೆಯಿತು. ಎಣ್ಣೆ ಕೈಯಲ್ಲೇ ಅವನನ್ನು ಹಿಡಿದುಕೊಂಡಳು. ಅಲ್ಲಿಂದ ನೇರ ಹೆಂಗಸರ ಸಭೆಗೆ ಓಡಿದಳು.

ಹೆಂಗಸರ ಸಭೆ ಅಂದೆನಲ್ಲ, ಅದನ್ನು ಗಮನಿಸಿ. ಇಗ್ಬೋ ಊರುಗಳಲ್ಲಿ ಗಂಡಸರ ಸಭೆಗೆ ಸಮನಾಗಿ ಹೆಂಗಸರದ್ದೇ ಬೇರೆ ಸಭೆ ಇತ್ತು. ಸಂತೆಯ ನಿಯಮ, ಬೆಲೆ, ಬೆಳೆಗೆ ದನ ನುಗ್ಗಿದ ಜಗಳ, ಹೆಂಡತಿಗೆ ಹೊಡೆಯುವ ಗಂಡ, ಇದೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಯಾವನಾದರೂ ಗಂಡಸು ಮಾತು ಕೇಳದಿದ್ದರೆ ಹೆಂಗಸರೆಲ್ಲ ಒಟ್ಟಾಗಿ ಅವನ ಮನೆ ಮುಂದೆ ಹೋಗಿ ಕೂರುತ್ತಿದ್ದರು. ಅವನ ಮಾನ ಹೋಗುವ ಹಾಗೆ ಹಾಡು ಕಟ್ಟಿ ಹಾಡುತ್ತಿದ್ದರು. ಒನಕೆಯಿಂದ ಗೋಡೆಗೆ ಬಡಿಯುತ್ತಿದ್ದರು. ಅವನು ತಪ್ಪಾಯಿತು ಅನ್ನುವವರೆಗೂ ಏಳುತ್ತಿರಲಿಲ್ಲ. ಊರಿನ ಗಂಡಸರು ಅಡ್ಡ ಬರುತ್ತಿರಲಿಲ್ಲ. ಅದು ಹೆಂಗಸರ ಹಕ್ಕು ಅಂತ ಎಲ್ಲರೂ ಒಪ್ಪಿದ್ದರು.

ಬ್ರಿಟಿಷರಿಗೆ ಇದ್ಯಾವುದೂ ಕಾಣಲಿಲ್ಲ. ಅವರ ಕಣ್ಣಿಗೆ ಆಡಳಿತ ಅಂದರೆ ಗಂಡಸರದ್ದು. ಊರೂರಿಗೆ ಒಬ್ಬೊಬ್ಬ ಗಂಡಸನ್ನು ಹಿಡಿದು, ಕೈಗೆ ಒಂದು ಕಾಗದ ಕೊಟ್ಟು, ಇವನೇ ನಿಮ್ಮ ಮುಖ್ಯಸ್ಥ ಅಂದರು. ವಾರಂಟ್ ಚೀಫ್ ಅಂತ ಹೆಸರು. ಒಬ್ಬ ಮುಖ್ಯಸ್ಥನೇ ಇಲ್ಲದೆ ಸಭೆಯಿಂದ ನಡೆಯುತ್ತಿದ್ದ ಊರುಗಳಿಗೆ ಹೀಗೆ ಯಜಮಾನರು ಬಂದರು. ಹೆಂಗಸರ ಸಭೆಗೆ ಯಾವ ಕಾಗದವೂ ಸಿಗಲಿಲ್ಲ. ಸರ್ಕಾರದ ಪುಸ್ತಕದಲ್ಲಿ ಅದು ಇರಲೇ ಇಲ್ಲ.

ನ್ವಾನ್ಯೆರುವಾ ಓಡಿಹೋದ ಮೇಲೆ ಊರಿಂದ ಊರಿಗೆ ತಾಳೆ ಗರಿ ಹೋಯಿತು. ಅದೇ ಕರೆ. ಸಾವಿರಾರು ಹೆಂಗಸರು ಹೊರಟರು. ಮುಖ್ಯಸ್ಥನ ಟೋಪಿ ಕಿತ್ತರು, ಕೋರ್ಟು ಕಟ್ಟಡಗಳ ಮೇಲೆ ನುಗ್ಗಿದರು. ಪೊಲೀಸರು, ಸೈನಿಕರು ಗುಂಡು ಹಾರಿಸಿದರು. 50ಕ್ಕೂ ಜಾಸ್ತಿ ಹೆಂಗಸರು ಸತ್ತರು. ಸರ್ಕಾರಿ ದಾಖಲೆಯಲ್ಲಿ ಅದು ದೊಂಬಿ. ಅಲ್ಲಿನ ಜನರ ನೆನಪಿನಲ್ಲಿ ಅದು ಹೆಂಗಸರ ಯುದ್ಧ.

ಘಾನಾದ ಅಸಾಂಟೆ ಜನರ ಕಥೆಯೂ ಇದಕ್ಕೆ ಹತ್ತಿರ. ಅಲ್ಲಿ ವಂಶ ತಾಯಿಯ ಕಡೆಯಿಂದ. ನಮ್ಮ ಕರಾವಳಿಯ ಅಳಿಯಕಟ್ಟು ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಪಟ್ಟಕ್ಕೆ ಯಾರನ್ನು ಕೂರಿಸಬೇಕು ಅಂತ ಹೆಸರು ಹೇಳುವ ಹಕ್ಕು ರಾಣಿತಾಯಿಯದು. 1900ರಲ್ಲಿ ಬ್ರಿಟಿಷ್ ಗವರ್ನರ್ ಅಸಾಂಟೆಯವರ ಪವಿತ್ರವಾದ ಚಿನ್ನದ ಪೀಠ ಕೇಳಿದಾಗ ಯುದ್ಧಕ್ಕೆ ಮುಂದೆ ನಿಂತವರು ಎಜಿಸುವಿನ ರಾಣಿತಾಯಿ ಯಾ ಅಸಾಂಟೆವಾ. ಅವರನ್ನು ಹಿಡಿದು ಸೇಶೆಲ್ಸ್ ದ್ವೀಪಕ್ಕೆ ಗಡೀಪಾರು ಮಾಡಿದರು, ಅಲ್ಲೇ ತೀರಿಕೊಂಡರು. ಆಮೇಲೆ ಬ್ರಿಟಿಷರು ವ್ಯವಹಾರ ಮಾಡಿದ್ದು ಗಂಡು ಮುಖ್ಯಸ್ಥರ ಜೊತೆ ಮಾತ್ರ. ಸ್ವತಂತ್ರ ಘಾನಾ ಕೂಡ ಮುಖ್ಯಸ್ಥರಿಗಾಗಿ ರಾಷ್ಟ್ರೀಯ ಸಭೆ ಮಾಡಿದಾಗ ದಶಕಗಳ ಕಾಲ ರಾಣಿತಾಯಂದಿರಿಗೆ ಜಾಗ ಕೊಡಲಿಲ್ಲ.

ಬ್ರಿಟಿಷರು ಬರುವ ಮುಂಚೆ ಎಲ್ಲ ಚೆನ್ನಾಗಿತ್ತು ಅಂತ ಹೇಳಲು ನಾನು ತಯಾರಿಲ್ಲ. ಖೋಟ್ಲಾದಲ್ಲಿ ಹೆಂಗಸರ ಬಾಯಿ ಮುಚ್ಚಿಸಿದ್ದು ಬ್ರಿಟಿಷರಲ್ಲ. ಇಗ್ಬೋ ಊರುಗಳಲ್ಲೂ ಜಮೀನು ಗಂಡುಮಕ್ಕಳಿಗೇ ಹೋಗುತ್ತಿತ್ತು. ಆದರೆ ಇವತ್ತು ಯಾರಾದರೂ "ಇದು ನಮ್ಮ ಪೂರ್ವಿಕರ ಪದ್ಧತಿ" ಅಂದಾಗ, ಆ ಪದ್ಧತಿಯ ಒಂದು ಪಾಲನ್ನು ಮಾತ್ರ ಉಳಿಸಿಕೊಂಡು ಇನ್ನೊಂದು ಪಾಲನ್ನು ಕೈಬಿಟ್ಟಿದ್ದಾರೆ ಅನ್ನುವುದು ನೆನಪಿರಬೇಕು. ಕೈಬಿಟ್ಟ ಪಾಲಿನಲ್ಲಿ ಹೆಂಗಸರಿದ್ದರು.

ಈಗ ಇನ್ನೊಂದು ತಡೆ. ನನ್ನ ಪ್ರಕಾರ ಎಲ್ಲಕ್ಕಿಂತ ಗಟ್ಟಿಯಾದದ್ದು ಇದೇ. ಹೆಂಗಸಿಗೆ ಯಾವ ಊರು ಅವಳ ಊರು?

ಚುನಾವಣೆ ಅಂದರೆ ಅಲ್ಲೂ ಮೊದಲು ಕೇಳುವುದು, ಇವನು ನಮ್ಮವನಾ ಅಂತ. ನಮ್ಮ ಊರು, ನಮ್ಮ ಕುಲ, ನಮ್ಮ ಭಾಷೆ. ಗಂಡಸಿಗೆ ಇದಕ್ಕೆ ಒಂದೇ ಉತ್ತರ ಸಾಕು. ಹೆಂಗಸು ಹುಟ್ಟಿದ ಊರಿನಲ್ಲಿ ನಿಂತರೆ, ಮದುವೆಯಾಗಿ ಹೋದವಳು, ಗಂಡನ ಊರಿನಲ್ಲಿ ಕೇಳು ಅನ್ನುತ್ತಾರೆ. ಗಂಡನ ಊರಿನಲ್ಲಿ ನಿಂತರೆ, ಹೊರಗಿನಿಂದ ಬಂದವಳು ಅನ್ನುತ್ತಾರೆ. ಮದುವೆಯೇ ಆಗದಿದ್ದರೆ, ಒಂದು ಮನೆ ನಡೆಸದವಳು ಊರು ಹೇಗೆ ನಡೆಸುತ್ತಾಳೆ ಅಂತ ಕೇಳುತ್ತಾರೆ. ಗಂಡನನ್ನು ಬಿಟ್ಟವಳಾದರೆ ಕೇಳುವುದೇ ಬೇಡ.

ನೈಜೀರಿಯಾದಲ್ಲಿ ಇದು ಕಾಗದದ ಮೇಲೂ ಇದೆ. ಪ್ರತಿಯೊಬ್ಬರಿಗೂ ಮೂಲ ರಾಜ್ಯ ಅಂತ ಒಂದಿರುತ್ತದೆ. ಸರ್ಕಾರಿ ಕೆಲಸ, ಹುದ್ದೆ, ಎಲ್ಲದರಲ್ಲೂ ಅದನ್ನು ನೋಡುತ್ತಾರೆ. ಮದುವೆಯಾಗಿ ಬೇರೆ ರಾಜ್ಯಕ್ಕೆ ಹೋದ ಹೆಂಗಸನ್ನು ಆ ರಾಜ್ಯದವಳು ಅಂತ ಒಪ್ಪಬೇಕು ಅನ್ನುವ ಮಸೂದೆ 2022ರ ಮಾರ್ಚ್ 1ರಂದು ಸಂಸತ್ತಿನಲ್ಲಿ ಬಿದ್ದುಹೋಯಿತು. ಹೆಂಗಸರಿಗೆ ವಿಶೇಷ ಸೀಟು ಕೊಡುವ ಮಸೂದೆಯೂ ಅದೇ ದಿನ ಬಿತ್ತು. ಹೆಂಗಸರು ಸಂಸತ್ತಿನ ಗೇಟಿನ ಮುಂದೆ ಬಂದು ಕೂತರು. 1929ರ ಹೆಂಗಸರೂ ಹೀಗೇ ಬಂದು ಕೂತಿದ್ದರು ಅಲ್ವಾ?

ಕೀನ್ಯಾದ ಒಂದು ಕೇಸು ಕೇಳಿ. ಎಸ್. ಎಂ. ಒಟಿಯೆನೊ ನೈರೋಬಿಯ ಹೆಸರಾಂತ ವಕೀಲರು, ಲುವೊ ಜನಾಂಗದವರು. ಹೆಂಡತಿ ವಾಂಬುಯಿ ಕಿಕುಯು ಜನಾಂಗದವರು. ಬ್ರಿಟಿಷರ ವಿರುದ್ಧದ ಮೌ ಮೌ ಹೋರಾಟದಲ್ಲಿ ಇದ್ದವರು, ಚುನಾವಣೆಗೂ ನಿಂತವರು. 1986ರ ಡಿಸೆಂಬರಿನಲ್ಲಿ ಒಟಿಯೆನೊ ತೀರಿಕೊಂಡರು. ನೈರೋಬಿ ಹತ್ತಿರದ ನಮ್ಮದೇ ತೋಟದಲ್ಲಿ ಮಣ್ಣು ಮಾಡುತ್ತೇನೆ ಅಂದರು ವಾಂಬುಯಿ. ಗಂಡನ ಕುಲದವರು, ಆಗದು, ಹುಟ್ಟಿದೂರಿಗೇ ಒಯ್ಯಬೇಕು ಅಂದರು. ಕೇಸು ನಡೆಯಿತು. ಐದು ತಿಂಗಳು ಹೆಣ ಶವಾಗಾರದಲ್ಲೇ ಇತ್ತು. 1987ರ ಮೇ ತಿಂಗಳಲ್ಲಿ ಮೇಲಿನ ಕೋರ್ಟು ಕುಲದವರ ಪರ ತೀರ್ಪು ಕೊಟ್ಟಿತು. ಅಷ್ಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗಂಡನನ್ನು ಎಲ್ಲಿ ಮಲಗಿಸಬೇಕು ಅಂತ ಹೇಳುವ ಹಕ್ಕಿಲ್ಲ ಅಂತಾಯಿತು. ವಾಂಬುಯಿ ಮಣ್ಣಿಗೆ ಹೋಗಲಿಲ್ಲ. ಸ್ವಂತ ಮನೆಯ ಸಾವಿನಲ್ಲೇ ಮಾತು ನಡೆಯದವಳಿಗೆ ಕ್ಷೇತ್ರದ ಜನ ಮುಂದಾಳು ಅಂತ ಓಟು ಹಾಕುವುದು ಎಷ್ಟು ಕಷ್ಟ, ಯೋಚನೆ ಮಾಡಿ.

ಕೀನ್ಯಾದವರೇ ಆದ ವಂಗಾರಿ ಮಾತಾಯ್ ಹೆಸರು ನಿಮಗೆಲ್ಲ ಗೊತ್ತಿದೆ. ಗಿಡ ನೆಟ್ಟವರು, 2004ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು. ನಮ್ಮ ಪಠ್ಯಪುಸ್ತಕಗಳಲ್ಲಿ ಹೇಳುವುದು ಅಷ್ಟೇ. ಅವರ ಮೇಲೆ ಬಿದ್ದ ಏಟುಗಳ ಲೆಕ್ಕ ಯಾರೂ ಹೇಳುವುದಿಲ್ಲ.

1971ರಲ್ಲಿ ಡಾಕ್ಟರೇಟ್ ಪಡೆದರು. ಪೂರ್ವ ಮತ್ತು ಮಧ್ಯ ಆಫ್ರಿಕಾದಲ್ಲೇ ಡಾಕ್ಟರೇಟ್ ಪಡೆದ ಮೊದಲ ಹೆಂಗಸು. 1979ರಲ್ಲಿ ಗಂಡ ವಿಚ್ಛೇದನ ತೆಗೆದುಕೊಂಡರು. ಕೋರ್ಟಿನಲ್ಲಿ ಮನೆಯ ಮಾತೆಲ್ಲ ಬೀದಿಗೆ ಬಂತು. ಇವಳು ಜಾಸ್ತಿ ಓದಿದವಳು, ಹಟದವಳು, ಹಿಡಿತಕ್ಕೆ ಸಿಗುವವಳಲ್ಲ ಅಂತ ಗಂಡ ಹೇಳಿದರು ಅನ್ನುವ ಸುದ್ದಿ ಹಬ್ಬಿತು. ಜಡ್ಜ್ ಬಗ್ಗೆ ಖಾರವಾಗಿ ಮಾತಾಡಿದ್ದಕ್ಕೆ ವಂಗಾರಿಗೆ ಆರು ತಿಂಗಳ ಸಜೆ ಆಯಿತು, ಕೆಲವು ದಿನದಲ್ಲೇ ಬಿಟ್ಟರು. ನನ್ನ ಮನೆತನದ ಹೆಸರು ಇಟ್ಟುಕೊಳ್ಳಬೇಡ ಅಂತ ಗಂಡ ಹಟ ಹಿಡಿದರು. ಆಗ ವಂಗಾರಿ ಮಾಡಿದ್ದೇನು ಗೊತ್ತಾ? ಇಂಗ್ಲಿಷಿನಲ್ಲಿ ಬರೆಯುವ ಹೆಸರಿನ ಮಧ್ಯೆ ಇನ್ನೊಂದು 'a' ಅಕ್ಷರ ಸೇರಿಸಿದರು. ಗಂಡನದು ಮತಾಯ್, ಇವರದು ಮಾತಾಯ್. ಮಕ್ಕಳ ಹೆಸರಿಗೂ ತನ್ನ ಕೆಲಸದ ಹೆಸರಿಗೂ ಹತ್ತಿರ ಉಳಿದರು, ಆದರೆ ಅದು ಯಾರಿಂದಲೂ ಎರವಲು ತಂದದ್ದಲ್ಲ. ಈ ಒಂದು ಅಕ್ಷರ ನನಗೆ ಅವರ ದೊಡ್ಡ ಭಾಷಣಗಳಿಗಿಂತ ಜಾಸ್ತಿ ಹೇಳುತ್ತದೆ.

1982ರಲ್ಲಿ ಸಂಸತ್ ಚುನಾವಣೆಗೆ ನಿಲ್ಲಬೇಕು ಅಂತ ವಿಶ್ವವಿದ್ಯಾಲಯದ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ಮತದಾರರ ಪಟ್ಟಿಯ ನೆಪ ಹೇಳಿ ನಿಲ್ಲಲು ಬಿಡಲಿಲ್ಲ. ವಾಪಸ್ ಹೋದರೆ ಕೆಲಸ ಇಲ್ಲ, ಕ್ವಾರ್ಟರ್ಸ್ ಖಾಲಿ ಮಾಡಿ ಅಂದರು.

1989ರಲ್ಲಿ ನೈರೋಬಿಯ ಉಹುರು ಪಾರ್ಕಿನಲ್ಲಿ 60 ಅಂತಸ್ತಿನ ಕಟ್ಟಡ ಕಟ್ಟಲು ಆಳುವ ಪಕ್ಷ ಹೊರಟಿತು. ಪೇಟೆಯ ಬಡವರಿಗೆ ಭಾನುವಾರ ಕೂರಲು ಇದ್ದ ಹಸಿರು ಅದು. ವಂಗಾರಿ ಪತ್ರ ಬರೆದರು, ಬರೆಯುತ್ತಲೇ ಹೋದರು. ಸಂಸತ್ತಿನಲ್ಲಿ ಸದಸ್ಯರು ಎದ್ದು ನಿಂತು ಗಿಡ ನೆಡುವ ಇವರ ಸಂಘಟನೆಯನ್ನು ಗಂಡ ಬಿಟ್ಟವರ ಗುಂಪು ಅಂತ ಹೀಯಾಳಿಸಿದರು. ಅಧ್ಯಕ್ಷ ಡೇನಿಯಲ್ ಅರಪ್ ಮೊಯಿ, ಆಫ್ರಿಕಾದ ಸಂಪ್ರದಾಯದ ಪ್ರಕಾರ ಹೆಂಗಸು ಗಂಡಸರನ್ನು ಗೌರವಿಸಿ ಸುಮ್ಮನಿರಬೇಕು ಅನ್ನುವ ಮಾತಾಡಿದರು. ನೋಡಿ, ಪ್ರಶ್ನೆ ಇದ್ದದ್ದು ಪಾರ್ಕಿನ ಬಗ್ಗೆ. ಕಟ್ಟಡಕ್ಕೆ ತರುವ ಸಾಲ ಎಷ್ಟು, ಜಾಗ ಯಾರದು ಅಂತ. ಉತ್ತರ ಬಂದದ್ದು ಸಂಪ್ರದಾಯದ ಬಗ್ಗೆ. ಲೆಕ್ಕ ಕೊಡಲಾಗದವರಿಗೆ ಸಂಪ್ರದಾಯ ಎಷ್ಟು ಬೇಗ ನೆನಪಾಗುತ್ತದೆ! ಕೊನೆಗೆ ಆ ಕಟ್ಟಡ ಏಳಲಿಲ್ಲ. ಪಾರ್ಕು ಉಳಿಯಿತು.

ಅದೇ ಪಾರ್ಕಿನಲ್ಲಿ 1992ರಲ್ಲಿ ಇನ್ನೊಂದು ಘಟನೆ. ರಾಜಕೀಯ ಕೈದಿಗಳ ತಾಯಂದಿರು, ಹಳ್ಳಿಯ ವಯಸ್ಸಾದ ಹೆಂಗಸರು, ಮಕ್ಕಳನ್ನು ಬಿಡಿ ಅಂತ ಉಪವಾಸ ಕೂತರು. ವಂಗಾರಿ ಅವರ ಜೊತೆಗಿದ್ದರು. ಮಾರ್ಚ್ 3ರಂದು ಪೊಲೀಸರು ಲಾಠಿ, ಅಶ್ರುವಾಯು ಹಿಡಿದು ನುಗ್ಗಿದರು. ವಂಗಾರಿಗೆ ಪ್ರಜ್ಞೆ ತಪ್ಪುವ ಹಾಗೆ ಹೊಡೆದರು. ಆಗ ಕೆಲವು ತಾಯಂದಿರು ಮೈಮೇಲಿನ ಬಟ್ಟೆ ಕಿತ್ತೆಸೆದು ಪೊಲೀಸರ ಮುಂದೆ ನಿಂತರು. ಅಲ್ಲಿನ ನಂಬಿಕೆಯಲ್ಲಿ, ಮಗನ ವಯಸ್ಸಿನವನ ಮುಂದೆ ತಾಯಿಯ ವಯಸ್ಸಿನವಳು ಹೀಗೆ ನಿಂತರೆ ಅದಕ್ಕಿಂತ ದೊಡ್ಡ ಶಾಪ ಇಲ್ಲ. ಲಾಠಿ ಹಿಡಿದವರು ಮುಖ ತಿರುಗಿಸಿಕೊಂಡರು. ಆಮೇಲೆ ಆ ತಾಯಂದಿರು ಆಲ್ ಸೇಂಟ್ಸ್ ಚರ್ಚಿನ ಒಳಗೆ ತಿಂಗಳುಗಟ್ಟಲೆ ಕೂತರು. 1993ರ ಆರಂಭದ ಹೊತ್ತಿಗೆ ಹೆಚ್ಚಿನ ಮಕ್ಕಳು ಹೊರಗೆ ಬಂದರು.

ಲೈಬೀರಿಯಾದ ಲೇಮಾ ಬೋವಿ 2003ರಲ್ಲಿ ಘಾನಾದ ಅಕ್ರಾದಲ್ಲಿ ಇದೇ ಅಸ್ತ್ರ ಎತ್ತಿದರು. ಲೈಬೀರಿಯಾದ ಅಂತರ್ಯುದ್ಧ ನಿಲ್ಲಿಸುವ ಶಾಂತಿ ಮಾತುಕತೆ ಅಲ್ಲಿ ವಾರಗಟ್ಟಲೆ ಎಳೆಯುತ್ತಿತ್ತು. ಒಳಗೆ ಬಂದೂಕಿನ ಗುಂಪುಗಳ ನಾಯಕರು ಹೋಟೆಲಿನ ಊಟ ಮಾಡಿಕೊಂಡು ಯಾರಿಗೆ ಯಾವ ಖಾತೆ ಅಂತ ಮಾತಾಡುತ್ತಿದ್ದರು. ಲೈಬೀರಿಯಾದ ರಾಜಧಾನಿ ಮನ್ರೋವಿಯಾದಲ್ಲಿ ಜನ ಸಾಯುತ್ತಿದ್ದರು. ಬಿಳಿ ಬಟ್ಟೆ ತೊಟ್ಟ ಹೆಂಗಸರು ಸಭಾಂಗಣದ ಬಾಗಿಲಿಗೆ ಅಡ್ಡ ಕೂತರು. ಬಂಧಿಸಲು ಬಂದಾಗ ಬೋವಿ ತಲೆಯ ಬಟ್ಟೆ ಬಿಚ್ಚಿ, ಉಳಿದದ್ದನ್ನೂ ತೆಗೆಯುತ್ತೇನೆ ಅಂದರು. ಎಲ್ಲರೂ ಹಿಂದೆ ಸರಿದರು. ಆಗಸ್ಟ್ 18ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಈ ಎರಡು ಘಟನೆ ಓದಿದಾಗಲೆಲ್ಲ ನನಗೆ ಹೆಮ್ಮೆಯೂ ಆಗುತ್ತದೆ, ಸಂಕಟವೂ ಆಗುತ್ತದೆ. ಅದೇ ಸಂಸ್ಕೃತಿಯ ಒಳಗೆ ಹೆಂಗಸಿಗೆ ಇಷ್ಟು ಶಕ್ತಿ ಇದೆ. ಆದರೆ ಆ ಶಕ್ತಿ ಒಪ್ಪಿಗೆಯಾಗುವುದು ತಾಯಿಯಾಗಿ ಬಂದಾಗ, ಅದೂ ಕೊನೆಯ ಗಳಿಗೆಯಲ್ಲಿ, ಬಟ್ಟೆ ಕಿತ್ತೆಸೆಯುವ ಸ್ಥಿತಿಗೆ ಬಂದಾಗ. ಮಾತುಕತೆಯ ಮೇಜಿಗೆ ಕುರ್ಚಿ ಹಾಕಿ ಅಂದರೆ ಹಾಕುವುದಿಲ್ಲ. ತಾಯಿ ಅಂತ ಒಪ್ಪುವ ಜನ ಮಕ್ಕಳಿಲ್ಲದವಳನ್ನು, ಇನ್ನೂ 30 ದಾಟದ ಹುಡುಗಿಯನ್ನು ಏನಂತ ಒಪ್ಪಬೇಕು? ಲೈಬೀರಿಯಾದಲ್ಲಿ ಎಲೆನ್ ಜಾನ್ಸನ್ ಸರ್ಲೀಫ್ 2005ರಲ್ಲಿ ಗೆದ್ದು ಆಫ್ರಿಕಾದಲ್ಲೇ ಚುನಾವಣೆಯಿಂದ ಬಂದ ಮೊದಲ ಮಹಿಳಾ ಅಧ್ಯಕ್ಷೆಯಾದರು. ಎರಡು ಅವಧಿ ಆಳಿದರು. 2017ರಲ್ಲಿ ಅವರ ಜಾಗಕ್ಕೆ ನಿಂತ 20 ಜನರಲ್ಲಿ ಹೆಂಗಸು ಒಬ್ಬರೇ.

ದಕ್ಷಿಣ ಆಫ್ರಿಕಾದ ಒಂದು ತೀರ್ಪಿಗೆ ಬರುತ್ತೇನೆ. ಲಿಂಪೊಪೊ ಪ್ರಾಂತ್ಯದ ವಲೊಯಿ ಜನರ ಮುಖ್ಯಸ್ಥ ಫೊಫೊಜಾ 1968ರಲ್ಲಿ ತೀರಿಕೊಂಡರು. ಗಂಡುಮಕ್ಕಳಿರಲಿಲ್ಲ. ಹಿರಿಯ ಮಗಳು ಫಿಲಿಯಾ ಶಿಲುಬಾನಾ ಇದ್ದರು. ಹೆಣ್ಣಿಗೆ ಪಟ್ಟ ಇಲ್ಲ ಅಂತ ಫೊಫೊಜಾ ಅವರ ತಮ್ಮ ರಿಚರ್ಡ್ ಮುಖ್ಯಸ್ಥರಾದರು. ಕಾಲ ಹೋಯಿತು, ವರ್ಣಭೇದದ ಆಡಳಿತ ಮುಗಿಯಿತು, ಹೊಸ ಸಂವಿಧಾನ ಬಂತು. 1996ರಲ್ಲಿ ರಾಜಮನೆತನದವರು ಸೇರಿ, ರಿಚರ್ಡ್ ಅವರನ್ನೂ ಕೂರಿಸಿಕೊಂಡು, ಅಂದು ತಪ್ಪಿಹೋದ ಪಟ್ಟ ಫಿಲಿಯಾಗೆ ಹಿಂದಿರುಗಬೇಕು ಅಂತ ತೀರ್ಮಾನ ಮಾಡಿದರು. ಯಾವ ಸರ್ಕಾರವೂ ಬಂದು ಒತ್ತಾಯ ಮಾಡಿರಲಿಲ್ಲ. ಅವರೇ ಕೂತು, ಅವರೇ ಬದಲಾಯಿಸಿಕೊಂಡದ್ದು.

2001ರಲ್ಲಿ ರಿಚರ್ಡ್ ತೀರಿಕೊಂಡ ಮೇಲೆ ಅವರ ಮಗ ಸಿಡ್ವೆಲ್ ಕೋರ್ಟಿಗೆ ಹೋದರು. ಮುಖ್ಯಸ್ಥನ ಮಗನೇ ಮುಖ್ಯಸ್ಥ, ಇದೇ ಸಂಪ್ರದಾಯ. ಫಿಲಿಯಾ ಬೇರೆ ಮನೆಗೆ ಮದುವೆಯಾದವರು, ಅವರ ಮಕ್ಕಳು ಬೇರೆ ಮನೆತನದವರು, ನಾಳೆ ಪಟ್ಟ ಯಾರಿಗೆ ಹೋಗುತ್ತದೆ ಅನ್ನುವ ವಾದ. ಆಗಲೇ ಹೇಳಿದೆನಲ್ಲ, ಹೆಂಗಸಿನ ಊರು ಯಾವುದು ಅಂತ, ಅದೇ ಇಲ್ಲೂ ಬಂತು. ಕೆಳಗಿನ ಎರಡು ಕೋರ್ಟು ಸಿಡ್ವೆಲ್ ಪರ ನಿಂತವು. 2008ರ ಜೂನ್ 4ರಂದು ಸಂವಿಧಾನ ನ್ಯಾಯಾಲಯ ಫಿಲಿಯಾ ಪರ ತೀರ್ಪು ಕೊಟ್ಟಿತು.

ಸಂಪ್ರದಾಯ ತಪ್ಪು, ಅದನ್ನು ಬಿಡಿ ಅಂತ ಆ ಕೋರ್ಟು ಹೇಳಲಿಲ್ಲ. ಒಂದು ಜನಕ್ಕೆ ತನ್ನ ಸಂಪ್ರದಾಯವನ್ನು ತಾನೇ ಬೆಳೆಸಿಕೊಳ್ಳುವ ಹಕ್ಕಿದೆ, ವಲೊಯಿ ಜನ ಅದನ್ನೇ ಮಾಡಿದ್ದಾರೆ, ಅದನ್ನು ಕೋರ್ಟು ಗೌರವಿಸಬೇಕು ಅಂದಿತು. ಹಿಂದೆ ಏನು ನಡೆದಿತ್ತು ಅನ್ನುವುದು ಮಾತ್ರ ಸಂಪ್ರದಾಯವಲ್ಲ, ಇವತ್ತು ಆ ಜನ ಹೇಗೆ ಬದುಕುತ್ತಿದ್ದಾರೆ ಅನ್ನುವುದೂ ಸಂಪ್ರದಾಯವೇ. ನನಗೆ ಈ ತೀರ್ಪು ಬಹಳ ಮುಖ್ಯ ಅನ್ನಿಸುತ್ತದೆ. ಹೊರಗಿನವರು ಆಫ್ರಿಕಾದ ಹೆಂಗಸರ ಬಗ್ಗೆ ಮಾತಾಡುವಾಗ ಸಂಸ್ಕೃತಿ ಒಂದು ಕಡೆ, ಹಕ್ಕು ಇನ್ನೊಂದು ಕಡೆ ಅಂತ ಇಟ್ಟುಬಿಡುತ್ತಾರೆ. ಹಾಗೆ ಇಟ್ಟರೆ ಹೆಂಗಸು ತನ್ನವರನ್ನೇ ಬಿಟ್ಟು ಬರಬೇಕು. ಫಿಲಿಯಾ ಯಾರನ್ನೂ ಬಿಟ್ಟು ಬರಲಿಲ್ಲ.

ಮಲಾವಿಯ ತೆರೇಸಾ ಕಚಿಂದಮೋಟೊ ಅವರ ಬಗ್ಗೆ ಎರಡು ಮಾತು. ಕಾಲೇಜೊಂದರಲ್ಲಿ 27 ವರ್ಷ ಸೆಕ್ರೆಟರಿಯಾಗಿದ್ದರು. 2003ರಲ್ಲಿ ಡೆಡ್ಜಾ ಜಿಲ್ಲೆಯ ತಮ್ಮ ಸೀಮೆಗೆ ಹಿರಿಯ ಮುಖ್ಯಸ್ಥೆ ಅಂತ ಕರೆ ಬಂತು. ಹೋಗಿ ನೋಡಿದರೆ ಹನ್ನೆರಡು, ಹದಿಮೂರು ವರ್ಷದ ಹುಡುಗಿಯರ ಕಂಕುಳಲ್ಲಿ ಕೂಸು. ಕೈಕೆಳಗಿನ ಮುಖ್ಯಸ್ಥರನ್ನೆಲ್ಲ ಕೂರಿಸಿ, ಇನ್ನು ಬಾಲ್ಯವಿವಾಹ ಇಲ್ಲ ಅಂತ ಸಹಿ ಹಾಕಿಸಿದರು. ಆಮೇಲೂ ಮದುವೆ ನಡೆಯಲು ಬಿಟ್ಟವರನ್ನು ಹುದ್ದೆಯಿಂದ ಇಳಿಸಿದರು. ನೂರಾರು ಮದುವೆ ರದ್ದು ಮಾಡಿ ಹುಡುಗಿಯರನ್ನು ಶಾಲೆಗೆ ಕಳಿಸಿದರು. ಮುಖ್ಯಸ್ಥೆಯ ಮಾತು ಅಂದರೆ ಸಂಪ್ರದಾಯದ ಮಾತು. ಅದಕ್ಕೇ ಅದು ನಡೆಯಿತು. ಸರ್ಕಾರದ ಪೋಸ್ಟರಿನಿಂದ ಆಗದ ಕೆಲಸ ಅದು.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದರು: "ಮೇಡಂ, ಕಾನೂನಿನಲ್ಲಿ ಸೀಟು ಮೀಸಲಿಟ್ಟರೆ ಸಾಕಲ್ವಾ? ಸಂಪ್ರದಾಯ ಬದಲಾಗುವವರೆಗೆ ಯಾಕೆ ಕಾಯಬೇಕು?"

ಕಾಯಬೇಕಾಗಿಲ್ಲ. ಮೀಸಲು ಬೇಕೇ ಬೇಕು. ಆದರೆ ಹೇಗೆ ಮೀಸಲಿಡುತ್ತಾರೆ ಅನ್ನುವುದನ್ನು ನೋಡಬೇಕು. ಕೀನ್ಯಾದ 2010ರ ಸಂವಿಧಾನ ಹೇಳುತ್ತದೆ, ಚುನಾಯಿತ ಸಭೆಗಳಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಒಂದೇ ಲಿಂಗದವರು ಇರಬಾರದು ಅಂತ. ಅದನ್ನು ಜಾರಿ ಮಾಡುವ ಕಾನೂನು ಸಂಸತ್ತಿನಲ್ಲಿ ಮತ್ತೆ ಮತ್ತೆ ಬಿದ್ದುಹೋಯಿತು. ಬೇಕಾದಷ್ಟು ಸದಸ್ಯರು ಹಾಜರೇ ಆಗುತ್ತಿರಲಿಲ್ಲ. 2020ರಲ್ಲಿ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ, ಈ ಸಂಸತ್ತನ್ನೇ ವಿಸರ್ಜಿಸಿ ಅಂತ ಅಧ್ಯಕ್ಷರಿಗೆ ಸಲಹೆ ಕೊಟ್ಟರು. ವಿಸರ್ಜನೆ ಆಗಲಿಲ್ಲ.

ಅಲ್ಲಿ ನಮ್ಮ ಜಿಲ್ಲೆಗಳ ಹಾಗಿರುವ 47 ಕೌಂಟಿಗೆ ಒಬ್ಬೊಬ್ಬ ಮಹಿಳಾ ಪ್ರತಿನಿಧಿ ಅಂತ ಬೇರೆ ಸೀಟಿದೆ. ಒಳ್ಳೆಯದೇ. ಆದರೆ ಹೆಂಗಸೊಬ್ಬಳು ಸಾಮಾನ್ಯ ಕ್ಷೇತ್ರಕ್ಕೆ ನಿಂತರೆ, ನಿಮಗೆ ನಿಮ್ಮ ಸೀಟು ಇದೆಯಲ್ಲ, ನಮ್ಮದಕ್ಕೆ ಯಾಕೆ ಬಂದ್ರಿ ಅಂತ ಕೇಳುತ್ತಾರೆ. ಮೀಸಲು ಸೀಟು ಬಾಗಿಲಾಗಬೇಕಿತ್ತು, ಹಲವರಿಗೆ ಬೇಲಿಯಾಯಿತು. 2022ರಲ್ಲಿ 290 ಸಾಮಾನ್ಯ ಕ್ಷೇತ್ರಗಳಲ್ಲಿ ಗೆದ್ದ ಹೆಂಗಸರು ಸುಮಾರು 30. ಹಾಗಂತ ಏನೂ ಆಗಿಲ್ಲ ಅನ್ನಬೇಡಿ. ಕೌಂಟಿ ನಡೆಸುವ, ಓಟಿನಿಂದಲೇ ಆರಿಸುವ ಗವರ್ನರ್ ಹುದ್ದೆಗೆ ಮೀಸಲೇ ಇಲ್ಲ. 2013ರಲ್ಲಿ ಒಬ್ಬ ಹೆಂಗಸೂ ಗೆಲ್ಲಲಿಲ್ಲ, 2017ರಲ್ಲಿ ಮೂವರು, 2022ರಲ್ಲಿ ಏಳು ಮಂದಿ. ಒಂದು ಕೌಂಟಿಯಲ್ಲಿ ಹೆಂಗಸು ರಸ್ತೆ ಮಾಡಿಸಿದ್ದನ್ನು, ಆಸ್ಪತ್ರೆ ನಡೆಸಿದ್ದನ್ನು ನೋಡಿದ ಪಕ್ಕದ ಕೌಂಟಿಯವರಿಗೆ ಅದು ಅಷ್ಟು ವಿಚಿತ್ರ ಅನ್ನಿಸುವುದಿಲ್ಲ.

ರುವಾಂಡಾದ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಲ್ಲಿನ ಸಂಸತ್ತಿನಲ್ಲಿ 60%ಗಿಂತ ಜಾಸ್ತಿ ಹೆಂಗಸರು. ದೊಡ್ಡ ವಿಷಯವೇ. ಆದರೆ ಅಧಿಕಾರವೆಲ್ಲ ಒಬ್ಬ ಅಧ್ಯಕ್ಷರ ಕೈಯಲ್ಲಿ ಇರುವ ದೇಶದಲ್ಲಿ ಸಂಸತ್ತಿನ ಕುರ್ಚಿಗೆ ಎಷ್ಟು ಬೆಲೆ ಅಂತಲೂ ಕೇಳಿಕೊಳ್ಳಬೇಕು.

ನನಗೆ ಹೆಚ್ಚು ಇಷ್ಟವಾಗುವುದು ನಮೀಬಿಯಾದ ದಾರಿ. ಅಲ್ಲಿ ಪಕ್ಷಗಳ ಪಟ್ಟಿಗೆ ಓಟು. ಆಳುವ ಸ್ವಾಪೋ ಪಕ್ಷ ತನ್ನ ನಿಯಮವನ್ನೇ ಬದಲಾಯಿಸಿ, ಪಟ್ಟಿಯಲ್ಲಿ ಒಂದು ಗಂಡು ಒಂದು ಹೆಣ್ಣು ಅಂತ ಹೆಸರು ಹಾಕತೊಡಗಿತು. ಜೀಬ್ರಾದ ಪಟ್ಟೆಯ ಹಾಗೆ ಇರುವುದರಿಂದ ಜೀಬ್ರಾ ಪಟ್ಟಿ ಅಂತಲೇ ಹೆಸರು. ಹೆಂಗಸರಿಗೆ ಬೇರೆ ಬೇಲಿ ಹಾಕಲಿಲ್ಲ, ಇದ್ದ ಸಾಲಿನಲ್ಲೇ ಜಾಗ ಮಾಡಿದರು. ಹದಿಹರೆಯದಲ್ಲೇ ಸ್ವಾಪೋ ಸೇರಿ, ದೇಶ ಬಿಟ್ಟು ಹೋಗಿ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ನೆಟುಂಬೊ ನಂದಿ ನ್ಡೈಟ್ವಾ ಅವರು 2025ರ ಮಾರ್ಚ್ 21ರಂದು ಅಲ್ಲಿ ಅಧ್ಯಕ್ಷೆಯಾಗಿ ಪ್ರಮಾಣವಚನ ತೆಗೆದುಕೊಂಡರು. ಉಪಾಧ್ಯಕ್ಷೆ ಲೂಸಿಯಾ ವಿಟ್ಬೂಯಿ. ಸಂಸತ್ತಿನ ಸ್ಪೀಕರ್ ಸಾರಾ ಕುಗೊಂಗೆಲ್ವಾ ಅಮಾದಿಲಾ. ಇವರ್‍ಯಾರೂ ಒಂದೇ ದಿನದಲ್ಲಿ ಮೇಲೆ ಬಂದವರಲ್ಲ. ದಶಕಗಟ್ಟಲೆ ಪಕ್ಷದ ಸಭೆಗಳಲ್ಲಿ ಕೂತವರು, ಸರ್ಕಾರದಲ್ಲಿ ಜವಾಬ್ದಾರಿ ಹೊತ್ತವರು. ನೀವು ಕೇಳಿದ್ದಕ್ಕೆ ನನ್ನ ಉತ್ತರ ಇದು: ಸೀಟು ಕೇಳಿ, ಅದರ ಜೊತೆಗೆ ಹೆಸರಿನ ಪಟ್ಟಿ ಬರೆಯುವ ಕೋಣೆಯ ಒಳಗೂ ಜಾಗ ಕೇಳಿ.